ಚಾಮುಂಡಿ ಬೆಟ್ಟಕ್ಕೆ ಸಾಲುವ ಸೈಕಲ್ಲು: ಹೊಸಬರ ರೋಡ್ ಸೈಕಲ್ಲೊಂದರ ಒಂದು ವರ್ಷದ ವಿಮರ್ಶೆ

ಕಳೆದ ವರ್ಷ ದಸರಾ ಮುಗಿದ ವಾರದಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ಮುಂಗಡ ಕೊಟ್ಟು ತರಿಸಿಕೊಂಡ ನನ್ನ ರೋಡ್ ಸೈಕಲ್ಲಿನ ಮೀಟರು ಈಗ 3,100 ಕಿಲೋಮೀಟರ್ ದಾಟಿದೆ. ಕಾಲೇಜು ಸೇರಿದ ಮೇಲೆ ಸೈಕಲ್ಲನ್ನು ಮುಟ್ಟಿರದ, ನಲವತ್ತಮೂರನೆಯ ವಯಸ್ಸಿನಲ್ಲಿ ಮತ್ತೆ ತುಳಿಯಲು ಹೊರಟ, ಐದು ಅಡಿ ಎರಡು ಇಂಚು ಎತ್ತರದ ಹೆಂಗಸಿಗೆ ಈ ಸೈಕಲ್ಲು ಎಲ್ಲಿ ಒದಗಿತು, ಎಲ್ಲಿ ತೊಡಕಾಯಿತು ಎಂಬುದನ್ನು ಬರೆದಿಡಬೇಕೆನಿಸಿತು. ಕೊಳ್ಳುವ ಮುನ್ನ ಇಂಥ ಬರಹವೊಂದು ಕನ್ನಡದಲ್ಲಿ ಸಿಕ್ಕಿದ್ದರೆ ನನಗೆ ತುಂಬ ಉಪಕಾರವಾಗುತ್ತಿತ್ತು. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಐವತ್ತು, ಅರವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ರೋಡ್ ಸೈಕಲ್ಲುಗಳಲ್ಲಿ ಎಷ್ಟೋ ಸೈಕಲ್ಲುಗಳು ಬಣ್ಣದಲ್ಲಿ ಬೇರೆಯಾದರೂ ಬಿಡಿಭಾಗಗಳಲ್ಲಿ ಅಣ್ಣತಮ್ಮಂದಿರಂತೆ ಇರುತ್ತವೆ. ಆದ್ದರಿಂದ ಹೆಸರಿಗಿಂತ ಆ ಬಿಡಿಭಾಗಗಳ ಗುಣವನ್ನು ತಿಳಿದುಕೊಳ್ಳುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗ.

ನನ್ನದು ಅಲ್ಯೂಮಿನಿಯಂ ಫ್ರೇಮಿನ, ಮುಂದಿನ ಚಕ್ರವನ್ನು ಹಿಡಿದಿಡುವ ಫೋರ್ಕು ಕಾರ್ಬನ್ನಿನದಾದ, ಟಗರಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲಿನ ಸೈಕಲ್ಲು. ಚಕ್ರ 700ಸಿ ಅಳತೆಯದು, ಜೊತೆಗೆ ಬಂದ ಟೈರು 25 ಮಿಲಿಮೀಟರ್ ಅಗಲದ್ದು, ಬ್ರೇಕು ರಿಮ್ಮನ್ನು ಹಿಡಿಯುವ ಬಗೆಯದು. ಗೇರು ಶಿಮಾನೋ ಕಂಪನಿಯ ಕ್ಲಾರಿಸ್: ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗೆ ಎಂಟು ಚಕ್ರ. ಪೆಡಲ್ ಸೇರಿಸಿ ತೂಗಿದಾಗ 10.6 ಕಿಲೋ ಬಂತು. ಬೆಲೆ 54,000 ರೂಪಾಯಿ. ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡ್, ಬೆಲ್ಲು, ದೀಪ ಯಾವುದೂ ಇದರ ಜೊತೆ ಬರುವುದಿಲ್ಲ. "ಇಷ್ಟು ದುಡ್ಡು ಕೊಟ್ಟು ಒಂದು ಸ್ಟ್ಯಾಂಡೂ ಇಲ್ವಾ ಮೇಡಂ?" ಎಂದು ನಮ್ಮ ಬೀದಿಯ ಹಾಲಿನವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ರೋಡ್ ಸೈಕಲ್ಲನ್ನು ಓಟಕ್ಕೆ ಬೇಕಾದಷ್ಟನ್ನೇ ಇಟ್ಟು ಕಟ್ಟಿರುತ್ತಾರೆ. ಉಳಿದದ್ದನ್ನು ಸವಾರರು ತಮ್ಮ ಅಗತ್ಯ ನೋಡಿಕೊಂಡು ಸೇರಿಸಿಕೊಳ್ಳಬೇಕು.

ಒಂದು ವರ್ಷ ತುಳಿದ ಮೇಲೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರುಮಾಡುವವರು ಸೈಕಲ್ಲಿನ ತೂಕ ಇಳಿಸುವುದಕ್ಕೆ ಹಣ ಸುರಿಯಬಾರದು. ಮೈಯಳತೆಗೆ ಹೊಂದುವ ಫ್ರೇಮು, ಬೆಟ್ಟಕ್ಕೆ ಸಾಲುವ ಹಗುರ ಗೇರು, ನಮ್ಮ ರಸ್ತೆಗೆ ತಕ್ಕ ಟೈರು, ಇವುಗಳಿಗೆ ಖರ್ಚು ಮಾಡಬೇಕು. ನಾನು ಕೊಂಡ ಸೈಕಲ್ಲು ಮೊದಲ ಎರಡರಲ್ಲಿ ನನ್ನ ನಂಬಿಕೆಯನ್ನು ಉಳಿಸಿಕೊಂಡಿತು. ಮೂರನೆಯದರಲ್ಲಿ ಮಾತ್ರ ನಾನೇ ಮತ್ತೆ ಕೈಯಿಂದ ಹಣ ಹಾಕಬೇಕಾಯಿತು.

ಅಳತೆಯ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಾನು ಅಪ್ಪನ ಕಪ್ಪು ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತವಳು. ನಮ್ಮ ತಲೆಮಾರಿನ ಬಹಳಷ್ಟು ಮಂದಿ ಹಾಗೆಯೇ ಕಲಿತದ್ದು. ಸೈಕಲ್ಲು ಇದ್ದ ಹಾಗೆ ಇರುತ್ತದೆ, ಅದಕ್ಕೆ ನಾವು ಮೈಯನ್ನು ಬಗ್ಗಿಸಿಕೊಳ್ಳಬೇಕು ಎಂಬ ನಂಬಿಕೆ ಆ ಕಾಲದಿಂದಲೇ ಮನಸ್ಸಿನಲ್ಲಿ ಕೂತಿದೆ. ಅಂಗಡಿಗೆ ಹಾಲು ತರಲು ಹೋಗುವ ಹತ್ತು ನಿಮಿಷಕ್ಕೆ ಅದು ನಡೆಯುತ್ತದೆ. ಬೆನ್ನು ಬಾಗಿಸಿ, ಕೈ ಚಾಚಿ ಮೂರು ಗಂಟೆ ಕೂರಬೇಕಾದ ರೋಡ್ ಸೈಕಲ್ಲಿನಲ್ಲಿ ಅದು ನಡೆಯುವುದಿಲ್ಲ. ನಾನು ಮೊದಲು ಹೋದ ಅಂಗಡಿಯಲ್ಲಿ 54 ಅಳತೆಯ ಫ್ರೇಮು ಮಾತ್ರ ಇತ್ತು. ಸೀಟನ್ನು ತೀರಾ ಕೆಳಕ್ಕೆ ಇಳಿಸಿ, "ಈಗ ಕಾಲು ಸಿಗುತ್ತಲ್ಲ ಮೇಡಂ, ಸರಿಹೋಯ್ತು" ಎಂದರು. ಕಾಲು ಸಿಕ್ಕಿದ್ದು ನಿಜ, ಆದರೆ ಸೀಟನ್ನು ಇಳಿಸುವುದರಿಂದ ಸರಿಯಾಗುವುದು ಕಾಲಿನ ಅಳತೆ ಮಾತ್ರ. ಸೀಟಿನಿಂದ ಹ್ಯಾಂಡಲ್ಲಿಗಿರುವ ದೂರ ಹಾಗೆಯೇ ಉಳಿಯುತ್ತದೆ. ಬ್ರೇಕಿನ ಲಿವರ್ ಮುಟ್ಟಲು ನಾನು ಮೊಣಕೈಯನ್ನು ಕೋಲಿನಂತೆ ಚಾಚಬೇಕಾಗಿತ್ತು, ಕುತ್ತಿಗೆ ಐದು ನಿಮಿಷಕ್ಕೇ ಬಿಗಿಯಿತು. ಅಲ್ಲಿ ಕೊಳ್ಳದೆ ಬಂದದ್ದು ಈ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ.

ಎರಡನೆಯ ಅಂಗಡಿಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ದಪ್ಪ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲುಗಳ ನಡುವೆ ಸೀಟಿನಂತೆ ಒತ್ತಿಹಿಡಿಯಲು ಹೇಳಿ, ನೆಲದಿಂದ ಅದರ ಮೇಲಂಚಿಗೆ ಇರುವ ಎತ್ತರವನ್ನು ಅಳೆದರು. ನನ್ನದು 74 ಸೆಂಟಿಮೀಟರ್. ಇದನ್ನು 0.883ರಿಂದ ಗುಣಿಸಿದರೆ, ಪೆಡಲಿನ ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ಎತ್ತರ ಸುಮಾರಾಗಿ ಸಿಗುತ್ತದೆ; ನನಗೆ ಅದು 65.3 ಸೆಂಟಿಮೀಟರ್ ಆಯಿತು. ಮನೆಯಲ್ಲೇ ಪರೀಕ್ಷಿಸಲು ಇನ್ನೂ ಸುಲಭದ ದಾರಿಯಿದೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ತೀರ ಕೆಳಗಿರುವ ಸ್ಥಿತಿಯಲ್ಲಿ ಮೊಣಕಾಲು ನೇರವಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿರುವುದರಿಂದ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿ ಉಳಿಯುತ್ತದೆ. ನನ್ನ ಅಳತೆಗೆ 48ರ ಫ್ರೇಮು ಬೇಕೆಂದು ತಿಳಿದ ಮೇಲೆ, ಅದು ಬರುವವರೆಗೆ ಮೂರು ವಾರ ಕಾದೆ. ಬಂದ ಮೇಲೂ ಹ್ಯಾಂಡಲ್ಲನ್ನು ಹಿಡಿದಿಡುವ 90 ಮಿಲಿಮೀಟರಿನ ಸ್ಟೆಮ್ಮನ್ನು ತೆಗೆದು 70 ಮಿಲಿಮೀಟರಿನದನ್ನು ಹಾಕಿಸಿಕೊಂಡೆ. ಎರಡು ಸೆಂಟಿಮೀಟರ್ ಎಂದರೆ ಏನು ಮಹಾ ಎಂದು ತೋರಬಹುದು. ಮೂವತ್ತನೆಯ ಕಿಲೋಮೀಟರಿನಲ್ಲಿ ಭುಜಗಳ ನಡುವೆ ಕಾಣಿಸಿಕೊಳ್ಳುತ್ತಿದ್ದ ಉರಿ ಆ ಎರಡು ಸೆಂಟಿಮೀಟರಿನಿಂದಲೇ ನಿಂತಿತು.

ಸಣ್ಣ ಫ್ರೇಮಿನಲ್ಲಿ ಒಂದು ಸಹಜ ಕೊರತೆಯಿದೆ, ಅದನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಫ್ರೇಮು ಚಿಕ್ಕದಾದರೂ ಚಕ್ರ ಅದೇ 700ಸಿ ಆಗಿರುವುದರಿಂದ, ಹ್ಯಾಂಡಲ್ಲನ್ನು ತುಂಬ ತಿರುಗಿಸಿದಾಗ ಮುಂದಿನ ಚಕ್ರ ಕಾಲಿನ ಬೆರಳಿಗೆ ತಾಗುತ್ತದೆ. ವೇಗವಾಗಿ ಹೋಗುವಾಗ ಹ್ಯಾಂಡಲ್ಲು ಅಷ್ಟು ತಿರುಗುವುದೇ ಇಲ್ಲವಾದ್ದರಿಂದ ಆಗ ಅಪಾಯವಿಲ್ಲ. ಗೇಟಿನ ಮುಂದೆ ಅಥವಾ ಇಕ್ಕಟ್ಟಾದ ಸಂದಿಯಲ್ಲಿ ನಿಧಾನವಾಗಿ ಸುತ್ತು ಹಾಕುವಾಗ ಮಾತ್ರ ಪೆಡಲ್ ತುಳಿಯದೆ, ತಿರುವಿನ ಹೊರಬದಿಯ ಕಾಲನ್ನು ಹಿಂದಕ್ಕೆ ಇಟ್ಟುಕೊಳ್ಳಬೇಕು. ಎರಡು ವಾರದಲ್ಲಿ ಇದು ಅಭ್ಯಾಸವಾಗುತ್ತದೆ.

ಗೇರಿನ ವಿಚಾರಕ್ಕೆ ಬಂದರೆ, ಮೈಸೂರಿನವರಿಗೆ ಪರೀಕ್ಷೆಯ ಮೈದಾನ ಊರ ಮಗ್ಗುಲಲ್ಲೇ ಇದೆ. ಚಾಮುಂಡಿ ಬೆಟ್ಟದ ರಸ್ತೆ ಬುಡದಿಂದ ತುದಿಗೆ ನಾಲ್ಕೈದು ಕಿಲೋಮೀಟರ್, ಏರು ಸುಮಾರು ಇನ್ನೂರೈವತ್ತು ಮೀಟರ್. ಅಂದರೆ ನೂರು ಮೀಟರ್ ಮುಂದೆ ಹೋದರೆ ಐದಾರು ಮೀಟರ್ ಮೇಲೆ ಹೋದಂತೆ. ಕೊಳ್ಳುವ ಮೊದಲು ನಾನು ಇದಕ್ಕಿಂತ ಇಪ್ಪತ್ತು ಸಾವಿರ ಕಡಿಮೆ ಬೆಲೆಯ, ಮುಂದೆ 44 ಹಲ್ಲಿನ ಒಂದೇ ಚಕ್ರ ಮತ್ತು ಹಿಂದೆ 28 ಹಲ್ಲಿನವರೆಗೆ ಮಾತ್ರ ಇರುವ ಸೈಕಲ್ಲೊಂದನ್ನೂ ತುಳಿದು ನೋಡಿದ್ದೆ. ಲೆಕ್ಕ ಸರಳವಾಗಿದೆ. ಚಕ್ರದ ಸುತ್ತಳತೆ ಎರಡು ಮೀಟರಿಗಿಂತ ತುಸು ಹೆಚ್ಚು. 44ಕ್ಕೆ 28 ಎಂದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ಲು ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. 34ಕ್ಕೆ 32 ಆದರೆ ಸುಮಾರು 2.2 ಮೀಟರ್. ನಿಮಿಷಕ್ಕೆ ಅರವತ್ತು ಸುತ್ತು ತುಳಿಯುವುದಾದರೆ, ಮೊದಲನೆಯದರಲ್ಲಿ ಏರಿನಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲೇಬೇಕು, ಎರಡನೆಯದರಲ್ಲಿ 8 ಸಾಕು. ಹೊಸಬರಿಗೆ ಬೆಟ್ಟದ ಮೇಲೆ ಗಂಟೆಗೆ 12 ಕಿಲೋಮೀಟರ್ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಆಗ ಪೆಡಲಿನ ಸುತ್ತು ನಲವತ್ತಕ್ಕೆ ಇಳಿಯುತ್ತದೆ, ಪ್ರತಿ ಸುತ್ತಿಗೂ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ, ಕೊನೆಗೆ ಇಳಿದು ತಳ್ಳುವುದೇ ಗತಿಯಾಗುತ್ತದೆ. ಬಯಲುಸೀಮೆಯ ಸಮತಟ್ಟಾದ ಊರಿನಲ್ಲಿದ್ದವರಿಗೆ ಆ ಅಗ್ಗದ ಸೈಕಲ್ಲು ಧಾರಾಳವಾಗಿ ಸಾಕು. ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನವರು ಹಿಂದೆ 32 ಅಥವಾ 34 ಹಲ್ಲಿನ ಚಕ್ರ ಇದೆಯೇ ಎಂದು ಎಣಿಸಿಯೇ ಕೊಳ್ಳಲಿ.

ಡಿಸೆಂಬರಿನಲ್ಲಿ ಮೊದಲ ಬಾರಿ ಬೆಟ್ಟ ಹತ್ತಿದಾಗ ಮೂರು ಕಡೆ ನಿಂತು, 51 ನಿಮಿಷ ತೆಗೆದುಕೊಂಡೆ. ಈಗ ಎಲ್ಲಿಯೂ ನಿಲ್ಲದೆ 34 ನಿಮಿಷಕ್ಕೆ ದೇವಸ್ಥಾನದ ಬಳಿ ಇರುತ್ತೇನೆ. ಈ ನಡುವೆ ಸೈಕಲ್ಲಿನ ತೂಕ ಒಂದು ಗ್ರಾಮೂ ಇಳಿದಿಲ್ಲ. ಇನ್ನೂ ಮೂವತ್ತು ಸಾವಿರ ಹೆಚ್ಚು ಕೊಟ್ಟು ಒಂದು ಕಿಲೋ ಹಗುರವಾದ ಸೈಕಲ್ಲನ್ನು ಕೊಳ್ಳಬೇಕಿತ್ತೇ ಎಂದು ಪರಿಚಿತರು ಕೇಳುತ್ತಿರುತ್ತಾರೆ. ನನ್ನ ತೂಕ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 73 ಕಿಲೋ ಆಗುತ್ತದೆ. ಅದರಲ್ಲಿ ಒಂದು ಕಿಲೋ ಇಳಿದರೆ ಅದೇ ಶಕ್ತಿಯಲ್ಲಿ ಉಳಿಯುವುದು 34 ನಿಮಿಷಕ್ಕೆ ಅರ್ಧ ನಿಮಿಷ. ಪಂದ್ಯದಲ್ಲಿ ಓಡುವವರಿಗೆ ಆ ಅರ್ಧ ನಿಮಿಷ ದೊಡ್ಡದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರ ಇರಬಾರದೆಂದು ನಿಯಮವನ್ನೇ ಮಾಡಬೇಕಾಗಿ ಬಂದಿರುವುದು ಅಲ್ಲಿ ತೂಕಕ್ಕೆ ಎಷ್ಟು ಬೆಲೆ ಎಂಬುದನ್ನು ತೋರಿಸುತ್ತದೆ. ಕಚೇರಿಗೆ ಹೋಗುವ ಮುನ್ನ ಬೆಟ್ಟ ಹತ್ತಿ ಇಳಿಯುವವರಿಗೆ ಅದರ ಅಗತ್ಯವಿಲ್ಲ. ಹತ್ತಲು ಹೋಗುವವರಿಗೆ ಇನ್ನೊಂದು ಸೂಚನೆ: ಆಷಾಢದ ಶುಕ್ರವಾರಗಳಲ್ಲಿ ಬೆಟ್ಟದ ರಸ್ತೆ ಭಕ್ತರದ್ದು, ಆ ದಿನಗಳಲ್ಲಿ ಬೇರೆ ದಾರಿ ಹಿಡಿಯುವುದು ಒಳ್ಳೆಯದು.

ಕ್ಲಾರಿಸ್ ಗೇರಿನ ದೊಡ್ಡ ಗುಣ ಅದರ ಲಿವರ್. ಬ್ರೇಕ್ ಹಿಡಿಯುವ ಲಿವರನ್ನೇ ಒಳಮಗ್ಗುಲಿಗೆ ತಳ್ಳಿದರೆ ಚೈನು ದೊಡ್ಡ ಚಕ್ರಕ್ಕೆ ಏರುತ್ತದೆ, ಅದರ ಹಿಂದಿರುವ ಸಣ್ಣ ಲಿವರನ್ನು ತಳ್ಳಿದರೆ ಚಿಕ್ಕ ಚಕ್ರಕ್ಕೆ ಇಳಿಯುತ್ತದೆ. ಬಲಗೈ ಹಿಂದಿನ ಎಂಟು ಚಕ್ರಗಳಿಗೆ, ಎಡಗೈ ಮುಂದಿನ ಎರಡಕ್ಕೆ. ಕೈ ಲಿವರಿನ ಮೇಲ್ತುದಿಯ ರಬ್ಬರಿನ ಹಿಡಿಕೆಯಾದ ಹುಡ್ಡಿನಲ್ಲಿರಲಿ, ಕೆಳಗಿನ ಬಾಗಿನಲ್ಲಿರಲಿ, ಎರಡೂ ಕಡೆಯಿಂದ ಬೆರಳಿಗೆ ಎಟುಕುತ್ತದೆ. ಇದಕ್ಕಿಂತ ಅಗ್ಗದ, ಶಿಮಾನೋದ್ದೇ ಟೂರ್ನಿ ಎಂಬ ಗೇರಿನ ರೋಡ್ ಸೈಕಲ್ಲುಗಳಲ್ಲಿ ಒಂದು ದಿಕ್ಕಿನ ಬದಲಾವಣೆಗೆ ಹೆಬ್ಬೆರಳಿನಿಂದ ಒತ್ತುವ ಗುಂಡಿ ಹುಡ್ಡಿನ ಪಕ್ಕದಲ್ಲಿರುತ್ತದೆ. ಹ್ಯಾಂಡಲ್ಲಿನ ಕೆಳಬಾಗನ್ನು ಹಿಡಿದಾಗ ಆ ಗುಂಡಿ ಎಟುಕುವುದಿಲ್ಲ. ಎದುರುಗಾಳಿಗೆ ಬಾಗಿ ಹೋಗುವಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ. ಹೊಸಬರು ಕಲಿಯಬೇಕಾದ ಮುಖ್ಯ ಅಭ್ಯಾಸವೆಂದರೆ ಏರು ಶುರುವಾಗುವ ಮುನ್ನವೇ ಗೇರನ್ನು ಇಳಿಸುವುದು. ಕಾಲಿನ ಭಾರವೆಲ್ಲ ಚೈನಿನ ಮೇಲಿದ್ದಾಗ ಬದಲಿಸಲು ಹೋದರೆ ಅದು ಕಟಕಟನೆ ಸದ್ದು ಮಾಡುತ್ತದೆ, ಕೆಲವೊಮ್ಮೆ ಜಾರಿ ಬೀಳುತ್ತದೆ.

ಇನ್ನು ಟೈರು. ನನ್ನ ಅಸಮಾಧಾನವೆಲ್ಲ ಇದರ ಸುತ್ತಲೇ ಇದೆ. ಜೊತೆಗೆ ಬಂದ 25 ಮಿಲಿಮೀಟರಿನ ಟೈರು ನಂಜನಗೂಡಿನ ಹೆದ್ದಾರಿಯಲ್ಲಿ ಸೊಗಸಾಗಿ ಓಡಿತು. ಊರು ಬಿಟ್ಟು ಟಿ. ನರಸೀಪುರ, ಸೋಮನಾಥಪುರದ ಕಡೆಯ ಒಳರಸ್ತೆಗಳಿಗೆ ಇಳಿದ ಕೂಡಲೇ ಮೈಯೆಲ್ಲ ನಡುಗಿಸಿತು. ಮೊದಲ ಎರಡು ತಿಂಗಳಿನಲ್ಲಿ ಐದು ಪಂಚರ್ ಆದವು. ಅದರಲ್ಲಿ ಮೂರು ಮುಳ್ಳಿನವಲ್ಲ. ಗುಂಡಿಯ ಅಂಚಿಗೋ ರಸ್ತೆಯುಬ್ಬಿಗೋ ಹೊಡೆದಾಗ ಟ್ಯೂಬು ರಿಮ್ಮಿನ ಅಂಚುಗಳಿಗೂ ನೆಲಕ್ಕೂ ನಡುವೆ ಸಿಕ್ಕಿ ನಲುಗಿ ಅಕ್ಕಪಕ್ಕದಲ್ಲಿ ಎರಡು ತೂತು ಬಿದ್ದಿದ್ದವು. ಇದಕ್ಕೆ ಗಾಳಿ ಕಡಿಮೆಯಿರುವುದೇ ಕಾರಣವೆಂದು ತಿಳಿದು, ಟೈರಿನ ಮೇಲೆ ಬರೆದಿದ್ದ ಗರಿಷ್ಠ ಮಿತಿಯವರೆಗೆ ಗಾಳಿ ಹೊಡೆದೆ. ಪಂಚರ್ ಕಡಿಮೆಯಾಯಿತು, ಆದರೆ ಅಂಗೈ ಜೋಮು ಹಿಡಿಯತೊಡಗಿತು. ಕೊನೆಗೆ 28 ಮಿಲಿಮೀಟರಿನ ಟೈರು ಹಾಕಿಸಿದೆ. ಅಗಲ ಹೆಚ್ಚಿದಷ್ಟೂ ಒಳಗೆ ಹಿಡಿಯುವ ಗಾಳಿ ಹೆಚ್ಚು, ಆದ್ದರಿಂದ ಒತ್ತಡ ಕಡಿಮೆಯಿಟ್ಟರೂ ರಿಮ್ಮು ನೆಲಕ್ಕೆ ತಾಗುವುದಿಲ್ಲ. ಅರವತ್ತು ಕಿಲೋ ತೂಕದ ನನಗೆ ಮುಂದೆ 60, ಹಿಂದೆ 68 ಪಿಎಸ್‌ಐ ಸರಿಹೊಂದಿತು. ನಂತರದ ಎರಡು ಸಾವಿರ ಚಿಲ್ಲರೆ ಕಿಲೋಮೀಟರುಗಳಲ್ಲಿ ಎರಡೇ ಪಂಚರ್, ಎರಡೂ ಜಾಲಿಮುಳ್ಳಿನವು. ವೇಗದಲ್ಲಿ ನನಗೆ ಯಾವ ಇಳಿಕೆಯೂ ಕಾಣಲಿಲ್ಲ. ಒರಟು ರಸ್ತೆಯಲ್ಲಿ ಕುಪ್ಪಳಿಸದೆ ಉರುಳುವ ಟೈರೇ ವಾಸ್ತವವಾಗಿ ಮುಂದೆ ಹೋಗುತ್ತದೆ. ಕೊಳ್ಳುವಾಗ ಫ್ರೇಮಿನಲ್ಲೂ ಬ್ರೇಕಿನಲ್ಲೂ 28 ಮಿಲಿಮೀಟರಿನ ಟೈರು ಹಿಡಿಯುವಷ್ಟು ಜಾಗವಿದೆಯೇ, ಸಾಧ್ಯವಾದರೆ 32 ಹಿಡಿಯುತ್ತದೆಯೇ ಎಂದು ತಪ್ಪದೆ ಕೇಳಬೇಕು. ನಮ್ಮ ರಸ್ತೆಗೆಂದೇ ಮಾರುವ ಸೈಕಲ್ಲಿಗೆ 28ರ ಟೈರನ್ನು ಮೊದಲೇ ಹಾಕಿ ಕೊಡಬಾರದೇಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಟೈರಿನ ಜೊತೆಗೇ ವಾಲ್ವಿನ ಮಾತನ್ನೂ ಹೇಳಬೇಕು. ರೋಡ್ ಸೈಕಲ್ಲಿನ ಟ್ಯೂಬಿಗೆ ಪ್ರೆಸ್ಟಾ ಎಂಬ ತೆಳ್ಳಗಿನ ವಾಲ್ವಿರುತ್ತದೆ. ತುದಿಯ ಸಣ್ಣ ತಿರುಪನ್ನು ಸಡಿಲಿಸಿ, ಒಮ್ಮೆ ಬೆರಳಿನಿಂದ ಒತ್ತಿ ನಂತರವೇ ಗಾಳಿ ತುಂಬಬೇಕು. ಬನ್ನೂರಿನ ಹತ್ತಿರ ಮೊದಲ ಪಂಚರ್ ಆದಾಗ ರಸ್ತೆ ಬದಿಯ ಪಂಚರ್ ಅಂಗಡಿಯ ಹಿರಿಯರು ಟ್ಯೂಬಿಗೆ ಅಚ್ಚುಕಟ್ಟಾಗಿ ಪ್ಯಾಚ್ ಹಾಕಿಕೊಟ್ಟರು, ಆದರೆ "ಇದಕ್ಕೆ ನಮ್ ಪಂಪು ಕೂರಲ್ಲವ್ವ" ಎಂದು ಕೈಚೆಲ್ಲಿದರು. ಅವರ ತಪ್ಪೇನೂ ಇಲ್ಲ. ಕಾರು, ಬೈಕಿಗೆ ಬಳಸುವ ಪಂಪಿನ ಬಾಯಿ ದಪ್ಪಗಿರುತ್ತದೆ. ಹುಣಸೆಬೀಜದಷ್ಟು ಸಣ್ಣ ಹಿತ್ತಾಳೆಯ ಅಡಾಪ್ಟರೊಂದನ್ನು ಪ್ರೆಸ್ಟಾ ವಾಲ್ವಿನ ಮೇಲೆ ತಿರುಗಿಸಿದರೆ ಯಾವ ಪೆಟ್ರೋಲ್ ಬಂಕಿನಲ್ಲಿ ಬೇಕಾದರೂ ಗಾಳಿ ಹಾಕಿಸಬಹುದು. ಐವತ್ತು ರೂಪಾಯಿಯೂ ಬಾಳದ ಆ ತುಂಡನ್ನು ಈಗ ಸೀಟಿನ ಕೆಳಗಿನ ಚೀಲದಲ್ಲಿ ಒಂದು ಹೆಚ್ಚಿನ ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಕೈಪಂಪಿನ ಜೊತೆ ಸದಾ ಇಟ್ಟಿರುತ್ತೇನೆ. ಪಂಚರ್ ಹಾಕಲು ಕಲಿಯುವ ಮೊದಲು ಟ್ಯೂಬು ಬದಲಿಸಲು ಕಲಿಯಿರಿ. ಪ್ಯಾಚನ್ನು ಮನೆಗೆ ಬಂದು ನಿಧಾನವಾಗಿ ಹಾಕಬಹುದು. ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ಮುಳ್ಳಿನ ತುದಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಇಲ್ಲವಾದರೆ ಹೊಸ ಟ್ಯೂಬಿಗೂ ಅದೇ ಗತಿ.

ಸುಗ್ಗಿಯ ಕಾಲದ ಒಂದು ತೊಂದರೆಯನ್ನು ಹಳ್ಳಿ ರಸ್ತೆಗಳಲ್ಲಿ ತುಳಿಯುವವರು ತಿಳಿದಿರಬೇಕು. ವಾಹನಗಳು ಹರಿದು ಕಾಳು ಬೇರೆಯಾಗಲೆಂದು ರೈತರು ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿರುತ್ತಾರೆ. ಅದರ ಮೇಲೆ ಹೋದರೆ ತೆಳು ಟೈರು ಜಾರುವುದಷ್ಟೇ ಅಲ್ಲ, ಹುರುಳಿಯ ಬಳ್ಳಿ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರಿಗೆ ಸುತ್ತಿಕೊಳ್ಳುತ್ತದೆ. ಹಾಗೆಯೇ ಬಲವಾಗಿ ತುಳಿದರೆ ಡಿರೇಲರನ್ನು ಫ್ರೇಮಿಗೆ ಸೇರಿಸುವ ಹ್ಯಾಂಗರ್ ಬಾಗಿಹೋಗಬಹುದು. ಹ್ಯಾಂಗರ್ ಮೆತ್ತಗಿನ ಲೋಹದ ತುಂಡು. ಫ್ರೇಮಿಗೆ ಪೆಟ್ಟಾಗದಿರಲೆಂದೇ ತಾನು ಮೊದಲು ಬಾಗುವಂತೆ ಅದನ್ನು ಮಾಡಿರುತ್ತಾರೆ. ಹುರುಳಿ ಹರಡಿದ್ದು ಕಂಡರೆ ಇಳಿದು, ಸೈಕಲ್ಲನ್ನು ಎತ್ತಿಕೊಂಡು ದಾಟಿಬಿಡುತ್ತೇನೆ. ಹತ್ತೂವರೆ ಕಿಲೋ ಎತ್ತುವುದು ಕಷ್ಟವೇನಲ್ಲ.

ಬ್ರೇಕು ಒಣ ರಸ್ತೆಯಲ್ಲಿ ಚೆನ್ನಾಗಿದೆ, ಮಳೆಯಲ್ಲಿ ಸಾಧಾರಣ. ಒದ್ದೆ ರಿಮ್ಮಿನ ಮೇಲೆ ರಬ್ಬರು ಮೊದಲ ಒಂದೆರಡು ಸುತ್ತು ನೀರನ್ನು ಒರೆಸುವುದರಲ್ಲೇ ಕಳೆಯುತ್ತದೆ, ಹಿಡಿತ ಆಮೇಲೆ ಬರುತ್ತದೆ. ಬೆಟ್ಟ ಇಳಿಯುವಾಗ ಇದನ್ನು ನೆನಪಿಟ್ಟುಕೊಳ್ಳಲೇಬೇಕು. ಇಳಿಯುವಾಗ ಕೈ ಹ್ಯಾಂಡಲ್ಲಿನ ಕೆಳಬಾಗಿನಲ್ಲಿದ್ದರೆ ಬೆರಳಿಗೆ ಹೆಚ್ಚು ಬಲ ಸಿಗುತ್ತದೆ. ಹುಡ್ಡಿನ ಮೇಲಿಂದ ಹಿಡಿದರೆ ನನ್ನಂಥ ಚಿಕ್ಕ ಕೈಯವರಿಗೆ ಅರ್ಧ ದಾರಿಯಲ್ಲೇ ಬೆರಳು ಸೋಲುತ್ತದೆ. ಬ್ರೇಕನ್ನು ಉದ್ದಕ್ಕೂ ಅಮುಕಿ ಹಿಡಿಯಬಾರದು, ರಿಮ್ಮು ಕಾಯುತ್ತದೆ. ತಿರುವಿಗೆ ಮುನ್ನ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕು ಬಿಟ್ಟು, ನೋಟವನ್ನು ತಿರುವಿನ ಆಚೆ ತುದಿಯಲ್ಲಿ ಇಡಬೇಕು. ಮೆಕ್ಯಾನಿಕ್ ಲಿವರುಗಳನ್ನು ಹ್ಯಾಂಡಲ್ಲಿಗೆ ಸ್ವಲ್ಪ ಹತ್ತಿರ ತಂದುಕೊಟ್ಟ ಮೇಲೆ ನನ್ನ ಭಯ ಅರ್ಧ ಇಳಿಯಿತು. ಕೈ ಚಿಕ್ಕದಾದವರು ಸೈಕಲ್ಲು ಮನೆಗೆ ತರುವ ಮೊದಲೇ ಇದನ್ನು ಮಾಡಿಸಿಕೊಳ್ಳಲಿ.

ಸೀಟಿನ ವಿಚಾರವನ್ನು ಹೆಂಗಸರು ಬಾಯಿಬಿಟ್ಟು ಹೇಳುವುದು ಕಡಿಮೆ, ಅದಕ್ಕೇ ಹೇಳುತ್ತಿದ್ದೇನೆ. ಜೊತೆಗೆ ಬಂದ ಸೀಟು ಕಿರಿದಾಗಿತ್ತು. ಭಾರ ಹೊರಬೇಕಾದ ಕೂರುವ ಮೂಳೆಗಳು ಅದರ ಅಂಚಿನಿಂದ ಹೊರಗುಳಿದು, ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತಿತ್ತು. ಮೊದಲ ತಿಂಗಳು ನಲವತ್ತು ಕಿಲೋಮೀಟರ್ ತುಳಿದ ಮರುದಿನ ತರಗತಿಯಲ್ಲಿ ಕೂರುವುದೇ ಕಷ್ಟವಾಗುತ್ತಿತ್ತು. ಮೆತ್ತಗಿನ ಜೆಲ್ ಕವರು ಹಾಕಿ ನೋಡಿದೆ, ಉಜ್ಜುವಿಕೆ ಇನ್ನೂ ಹೆಚ್ಚಿತು. ಕೊನೆಗೆ ಪರಿಹಾರ ಸಿಕ್ಕಿದ್ದು ಮೆತ್ತನೆಯ ಸೀಟಿನಿಂದಲ್ಲ, ಅಗಲವಾದ, ನಡುವೆ ತೆರವಿರುವ, ಸಾಕಷ್ಟು ಗಟ್ಟಿಯಾದ ಸೀಟಿನಿಂದ. ಇದರ ಜೊತೆಗೆ ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯನ್ನು ಒಳ ಉಡುಪಿಲ್ಲದೆ ತೊಡಬೇಕು. ಒಳ ಉಡುಪಿನ ಹೊಲಿಗೆಯೇ ತೊಡೆಸಂದಿಯ ಗಾಯಕ್ಕೆ ಕಾರಣ ಎಂಬುದು ನನಗೆ ಎರಡು ತಿಂಗಳ ನಂತರ ತಿಳಿಯಿತು. ಚಡ್ಡಿ ತೊಟ್ಟು ರಸ್ತೆಗೆ ಇಳಿಯಲು ಮುಜುಗರವಾಗುವವರು ಅದರ ಮೇಲೆ ಸಡಿಲವಾದ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳಬಹುದು, ಬಲಗಾಲಿನ ಅಂಚು ಚೈನಿಗೆ ಸಿಗದಂತೆ ಪಟ್ಟಿ ಕಟ್ಟಿಕೊಂಡರಾಯಿತು. ನಾನು ಮೊದಲ ಮಳೆಗಾಲದವರೆಗೆ ಹಾಗೆಯೇ ಹೋಗುತ್ತಿದ್ದೆ.

ಅಂಗೈ ಜೋಮು ಹಿಡಿಯುವುದಕ್ಕೆ ಟೈರಿನ ಗಾಳಿ ಒಂದು ಕಾರಣ, ಕೈಯನ್ನು ಒಂದೇ ಕಡೆ ಇಡುವುದು ಇನ್ನೊಂದು. ಕಿರುಬೆರಳು, ಉಂಗುರ ಬೆರಳು ಮರಗಟ್ಟಿದರೆ ಅಂಗೈಯ ಹೊರಬದಿಯ ನರ ಒತ್ತಿಗೆ ಸಿಕ್ಕಿದೆ ಎಂದರ್ಥ. ಬಾಗಿದ ಹ್ಯಾಂಡಲ್ಲಿನ ನಿಜವಾದ ಉಪಯೋಗ ಇಲ್ಲಿದೆ: ಮೇಲಿನ ನೇರ ಭಾಗ, ಹುಡ್ಡು, ಕೆಳಬಾಗು ಎಂದು ಕೈ ಇಡಲು ಮೂರು ಜಾಗಗಳಿವೆ; ಹತ್ತು ನಿಮಿಷಕ್ಕೊಮ್ಮೆ ಬದಲಿಸುತ್ತಿದ್ದರೆ ತೊಂದರೆ ಬಹಳ ಮಟ್ಟಿಗೆ ದೂರವಾಗುತ್ತದೆ.

ಅಂಗಡಿಯ ಜೋಡಣೆಯ ಬಗ್ಗೆ ಎಚ್ಚರಿಕೆ ಬೇಕು. ರೋಡ್ ಸೈಕಲ್ಲು ಪೆಟ್ಟಿಗೆಯಲ್ಲಿ ಅರೆಬರೆ ಜೋಡಿಸಿದ ಸ್ಥಿತಿಯಲ್ಲಿ ಬರುತ್ತದೆ, ಕೊನೆಯ ಕೆಲಸ ಅಂಗಡಿಯವರದ್ದು. ನನ್ನದನ್ನು ಮನೆಗೆ ತಂದ ಮೂರನೆಯ ದಿನ ಹ್ಯಾಂಡಲ್ಲು ಸ್ಟೆಮ್ಮಿನೊಳಗೆ ತಿರುಗುತ್ತಿರುವುದು ಕಂಡಿತು. ನಾಲ್ಕು ಬೋಲ್ಟುಗಳಲ್ಲಿ ಎರಡು ಸಡಿಲವಾಗಿದ್ದವು. ಹಿಂದಿನ ಬ್ರೇಕಿನ ರಬ್ಬರು ರಿಮ್ಮಿನ ಬದಲು ಟೈರಿನ ಅಂಚನ್ನು ಸವರುತ್ತಿತ್ತು. ಬೆಟ್ಟ ಇಳಿಯುವಾಗ ಇದು ಗೊತ್ತಾಗಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಮನಸ್ಸಾಗುವುದಿಲ್ಲ. ಹೇಳಿದ ಮೇಲೆ ಸರಿಪಡಿಸಿಕೊಟ್ಟರು, ಆದರೆ ಇಂಥ ಲೋಪ ಗ್ರಾಹಕರ ಕಣ್ಣಿಗೆ ಬೀಳುವವರೆಗೆ ಉಳಿಯಬಾರದಾಗಿತ್ತು. ಅಂಗಡಿಯಲ್ಲೇ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ಲನ್ನು ತಿರುಗಿಸಿ ನೋಡಿ, ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ನೋಡಿ, ಚಕ್ರ ಎತ್ತಿ ತಿರುಗಿಸಿ ಬೆಂಡು ಇದೆಯೇ ಎಂದು ಗಮನಿಸಿ. ಇದಕ್ಕೆ ಐದು ನಿಮಿಷ ಸಾಕು. ಹೊಸ ಕೇಬಲ್ಲುಗಳು ಮೊದಲ ಇನ್ನೂರು ಮುನ್ನೂರು ಕಿಲೋಮೀಟರಿನಲ್ಲಿ ತುಸು ಸಡಿಲವಾಗಿ ಗೇರು ತಪ್ಪುವುದು ಎಲ್ಲ ಸೈಕಲ್ಲುಗಳಲ್ಲೂ ಸಹಜ. ಮೊದಲ ಉಚಿತ ಸರ್ವಿಸನ್ನು ಆ ಹೊತ್ತಿಗೆ ಬಳಸಿಕೊಳ್ಳಬೇಕು.

ಸೈಕಲ್ಲಿನ ಬೆಲೆಯ ಮೇಲೆ ನನಗೆ ಇನ್ನೂ ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ಹೆಲ್ಮೆಟ್, ಮುಂದಿನ ಬಿಳಿ ದೀಪ, ಹಿಂದಿನ ಕೆಂಪು ದೀಪ, ಒತ್ತಡ ತೋರಿಸುವ ನಿಲುಪಂಪು, ಎರಡು ಚಡ್ಡಿ, ಟೈರು, ಸೀಟು, ಬೆಲ್ಲು ಎಲ್ಲ ಸೇರಿದ ಲೆಕ್ಕವಿದು. ಪೆಡಲಿಗೆ ಬೂಟು ಸಿಕ್ಕಿಸುವ ಕ್ಲಿಪ್ಪಿನ ವ್ಯವಸ್ಥೆಗೆ ನಾನು ಹೋಗಿಲ್ಲ; ಸಾಮಾನ್ಯ ಚಪ್ಪಟೆ ಪೆಡಲಿನಲ್ಲೇ ಬೆಟ್ಟವೂ ಹತ್ತಿದೆ, ಒಂದೇ ದಿನ ನೂರು ಕಿಲೋಮೀಟರೂ ಆಯಿತು. ಚೈನಿಗೆ ಇನ್ನೂರು ಕಿಲೋಮೀಟರಿಗೊಮ್ಮೆ ಬಟ್ಟೆಯಿಂದ ಒರೆಸಿ ಎಣ್ಣೆ ಹಾಕುತ್ತೇನೆ. ಅಡುಗೆಯ ಎಣ್ಣೆಯನ್ನಾಗಲಿ ಎಂಜಿನ್ ಆಯಿಲನ್ನಾಗಲಿ ಹಾಕಬಾರದು, ಧೂಳು ಕಚ್ಚಿ ಅರೆಯುತ್ತದೆ. ಹೀಗೆ ನೋಡಿಕೊಂಡರೂ 2,900 ಕಿಲೋಮೀಟರಿಗೆ ಚೈನು ಸವೆದಿತ್ತು. ಅಳತೆಪಟ್ಟಿಯಲ್ಲಿ ಸವೆತ ಕಂಡ ಕೂಡಲೇ ಬದಲಿಸಿದ್ದರಿಂದ ಹಿಂದಿನ ಚಕ್ರಗಳ ಹಲ್ಲು ಉಳಿಯಿತು. ಕ್ಲಾರಿಸ್ಸಿನ ಎಂಟು ಚಕ್ರದ ಚೈನು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ, ಮೈಸೂರಿನಲ್ಲಿ ಕೇಳಿದ ದಿನವೇ ಸಿಕ್ಕಿತು. ಮೇಲಿನ ದರ್ಜೆಯ ಹನ್ನೊಂದು, ಹನ್ನೆರಡು ಚಕ್ರದ ಗೇರುಗಳಲ್ಲಿ ಈ ಖರ್ಚು ಏರುತ್ತದೆ. ಹೊಸಬರು ಎಂಟರಲ್ಲೇ ಇರಲು ಇದೂ ಒಂದು ಕಾರಣ.

ಎಲ್ಲಿ ತುಳಿಯಬೇಕೆಂಬುದೂ ಕೊಳ್ಳುವ ನಿರ್ಧಾರಕ್ಕೆ ಸೇರಿದ ಮಾತೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳ ಜೊತೆಗೆ ಎಂಜಿನ್ನಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಆ ಕಡೆ ಹೋಗುವವರಿಗೆ ಸರ್ವಿಸ್ ರಸ್ತೆಯೇ ದಾರಿ. ನನ್ನ ವಾರದ ದಿನಗಳ ತುಳಿತ ಲಲಿತಮಹಲಿನ ಸುತ್ತಮುತ್ತ, ಭಾನುವಾರದ್ದು ನಂಜನಗೂಡಿಗೆ ಹೋಗಿ ಬರುವ ಸುಮಾರು ಐವತ್ತು ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಹೊರಟರೆ ಲಾರಿಗಳ ಸದ್ದು ಏಳುವ ಮುನ್ನ ಕಪಿಲಾ ನದಿ ದಾಟಿರಬಹುದು. ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು, ಒಂದು ಬಾಳೆಹಣ್ಣು, ಎರಡು ತುಂಡು ಕಡಲೆಕಾಯಿ ಚಿಕ್ಕಿ ನನಗೆ ಸಾಕಾಗುತ್ತದೆ.

ಬರುವ ಚಳಿಗಾಲದಲ್ಲಿ ಬ್ರೆವೆ ಎಂಬ 200 ಕಿಲೋಮೀಟರಿನ ದೂರಸವಾರಿಗೆ ಹೆಸರು ಕೊಡಬೇಕೆಂದಿದ್ದೇನೆ. ಅದು ಪಂದ್ಯವಲ್ಲ, ಹದಿಮೂರೂವರೆ ಗಂಟೆಯೊಳಗೆ ದಾರಿ ಮುಗಿಸಿದರೆ ಸಾಕು, ಅಂದರೆ ಊಟ ವಿಶ್ರಾಂತಿ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಸರಾಸರಿ. ಅದಕ್ಕಾಗಿ ಈ ಸೈಕಲ್ಲಿನಲ್ಲಿ ಬದಲಿಸಬೇಕಾದದ್ದು ಹೆಚ್ಚೇನಿಲ್ಲ. ಎರಡನೆಯ ಬಾಟಲಿ ಹಿಡಿಯುವ ಕೊಂಡಿ ಬೇಕು, ಕತ್ತಲಾದರೆ ಈಗಿರುವ ಮುಂದಿನ ದೀಪ ಊರಾಚೆಯ ರಸ್ತೆಗೆ ಸಾಲುವುದಿಲ್ಲ, ಮತ್ತು ಹಿಂದಿನ ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿದೆ. ಹೊಸ ಟೈರನ್ನು ಹೋದ ವಾರವೇ ತಂದಿಟ್ಟಿದ್ದೇನೆ, ಅದೇ 28 ಮಿಲಿಮೀಟರಿನದು.